ಬಚ್ಚಲುಮನೆಗೆ ಎಲ್‌ಇಡಿ ಬಲ್ಬು ಹಾಕಿದ ಮೇಲೆ ಮಿಣುಕುತ್ತಿದೆಯೇ, ಆರುತ್ತಿಲ್ಲವೇ, ಬೇಗ ಸುಡುತ್ತಿದೆಯೇ?

ಬಚ್ಚಲುಮನೆಯ 60 ವ್ಯಾಟಿನ ಹಳದಿ ಬಲ್ಬು ತೆಗೆದು ಅದೇ ಹೋಲ್ಡರಿಗೆ 9 ವ್ಯಾಟಿನ ಎಲ್‌ಇಡಿ ಸಿಕ್ಕಿಸಿದ ಮೇಲೆ ತಕರಾರುಗಳು ಶುರುವಾಗುವುದುಂಟು. ಸ್ವಿಚ್ ಆರಿಸಿದರೂ ಬಲ್ಬು ಮಂಕಾಗಿ ಹೊತ್ತಿಯೇ ಇರುತ್ತದೆ. ಗೀಸರ್ ಹಾಕಿದೊಡನೆ ಮಿಣುಕುತ್ತದೆ. ವರ್ಷಗಟ್ಟಲೆ ಬಾಳಬೇಕಾದದ್ದು ನಾಲ್ಕು ತಿಂಗಳಿಗೆ ಸುಟ್ಟುಹೋಗುತ್ತದೆ. ಅಂಗಡಿಯವರು ಬದಲಿಸಿ ಕೊಡುತ್ತಾರೆ, ಹೊಸದರ ಗತಿಯೂ ಅದೇ ಆಗುತ್ತದೆ.

ಹಳೆಯ ಬಲ್ಬಿನೊಳಗೆ ಇದ್ದದ್ದು ಒಂದು ಎಳೆ ತಂತಿ ಮಾತ್ರ. 230 ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬಿಗೆ ಸುಮಾರು ಕಾಲು ಆಂಪಿಯರ್ ಕರೆಂಟು ಬೇಕಾಗುತ್ತಿತ್ತು. ಅದರ ನೂರರಲ್ಲೊಂದು ಪಾಲು ಎಲ್ಲಿಂದಲೋ ಸೋರಿ ಬಂದರೆ ಆ ತಂತಿಗೆ ಗೊತ್ತೂ ಆಗುತ್ತಿರಲಿಲ್ಲ. ಎಲ್‌ಇಡಿ ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಸಣ್ಣ ಎಲೆಕ್ಟ್ರಾನಿಕ್ ಹಲಗೆ ಇರುತ್ತದೆ. ಅದಕ್ಕೆ ಒಂದು ಮಿಲಿ ಆಂಪಿಯರ್ ಸಿಕ್ಕರೂ ಸಾಕು, ಬೆಳಕು ತೋರಿಸುತ್ತದೆ. ಜಾಯಿಂಟು ಸಡಿಲಿದ್ದರೆ, ಆವಿ ಒಳಗೆ ಹೊಕ್ಕರೆ, ಬುಡ ವಿಪರೀತ ಕಾದರೆ ಅದು ತಡೆಯುವುದಿಲ್ಲ. ಅಂದರೆ ವೈರಿಂಗಿನಲ್ಲಿ ಮೊದಲಿನಿಂದಲೂ ಇದ್ದ ದೋಷ ಈಗ ಕಣ್ಣಿಗೆ ಬಿದ್ದಿದೆ. ಬಲ್ಬಿನ ಮೇಲೆ ಬಲ್ಬು ಬದಲಿಸುವುದಕ್ಕಿಂತ ಹೋಲ್ಡರ್, ಸ್ವಿಚ್, ನ್ಯೂಟ್ರಲ್ (ಕರೆಂಟು ಮರಳಿ ಹೋಗುವ ವೈರ್) ನೋಡುವುದು ಮೇಲು.

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಈ ತೊಂದರೆಗೆ ಇನ್ನೊಂದಿಷ್ಟು ಕಾರಣಗಳು ಕೂಡುತ್ತವೆ. ಎಷ್ಟೋ ಮನೆಗಳಲ್ಲಿ ಬಚ್ಚಲು ಹಿತ್ತಲಲ್ಲಿ, ಮನೆಯಿಂದ ಬೇರೆಯಾಗಿ ಇರುತ್ತದೆ. ಸ್ವಿಚ್ ಅಡುಗೆಮನೆಯ ಬಾಗಿಲ ಬಳಿ, ಬಲ್ಬು 40-50 ಅಡಿ ದೂರ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆರ್‌ಸಿಸಿ ಮಾಳಿಗೆಯ ಕೆಳಗಿನ ಗಾಳಿ ರಾತ್ರಿಯೂ ಆರುವುದಿಲ್ಲ. ಹಂಡೆ ಒಲೆಯ ಹೊಗೆ, ಸಂಡೂರು-ತೋರಣಗಲ್ಲು ಕಡೆಯ ಅದಿರಿನ ಕೆಂಪು ದೂಳು, ಕರೆಂಟು ಹೋದಾಗ ಓಡುವ ಇನ್ವರ್ಟರ್, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಕೈಗೆ ಬೇಕಾದದ್ದು, ಕೈ ಹಾಕುವ ಮೊದಲು

ಒಂದು ಟೆಸ್ಟರ್, ಒಂದು ಡಿಜಿಟಲ್ ಮಲ್ಟಿಮೀಟರ್, ಸ್ಕ್ರೂಡ್ರೈವರ್, ವೈರ್ ಕಟರ್, ಇನ್ಸುಲೇಷನ್ ಟೇಪು, ಟಾರ್ಚು. ಜೊತೆಗೆ ಎರಡು ಬಲ್ಬು: ಬೇರೆ ಕೋಣೆಯಲ್ಲಿ ಸರಿಯಾಗಿ ಉರಿಯುತ್ತಿರುವ ಒಂದು ಎಲ್‌ಇಡಿ, ಮತ್ತು ಹಳೆಯ ಕಾಲದ 40 ಅಥವಾ 60 ವ್ಯಾಟಿನ ಹಳದಿ ಬಲ್ಬು. ಈ ಹಳದಿ ಬಲ್ಬನ್ನು ಎಸೆಯಬೇಡಿ, ವೈರಿಂಗ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಸಾಧನ ಮನೆಯಲ್ಲಿ ಇಲ್ಲ.

ಸ್ವಿಚ್ ಆರಿಸಿದ ಮಾತ್ರಕ್ಕೆ ಹೋಲ್ಡರಿನಲ್ಲಿ ಕರೆಂಟು ಇಲ್ಲ ಎಂದುಕೊಳ್ಳಬಾರದು. ಬಲ್ಬು ಬದಲಿಸುವುದಕ್ಕೂ ಎಂಸಿಬಿ (ಫ್ಯೂಸಿನ ಜಾಗದಲ್ಲಿರುವ ಸುರಕ್ಷತೆಯ ಸ್ವಿಚ್) ಇಳಿಸಿ. ಹಳೆಯ ಮನೆಯಾದರೆ ಮೇನ್ ಸ್ವಿಚ್ಚನ್ನೇ ಇಳಿಸಿ, ಯಾಕೆಂದರೆ ಒಂಟಿ ಎಂಸಿಬಿ ಫೇಸಿನ (ಕರೆಂಟು ತರುವ ವೈರಿನ) ಬದಲು ನ್ಯೂಟ್ರಲ್ ಮೇಲೆ ಕೂತಿರುವ ಮನೆಗಳೂ ಇವೆ. ಟೆಸ್ಟರನ್ನು ಮೊದಲು ಕರೆಂಟು ಇರುವ ಸಾಕೆಟ್ಟಿನಲ್ಲಿ ಇಟ್ಟು ಅದು ಹೊತ್ತುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೋಲ್ಡರಿಗೆ ಇಡಿ. ಕೆಟ್ಟ ಟೆಸ್ಟರ್ ಎಲ್ಲ ಕಡೆಯೂ ಕರೆಂಟು ಇಲ್ಲ ಎಂದೇ ತೋರಿಸುತ್ತದೆ. ನೆಲ ಒರೆಸಿ ಒಣಗಿಸಿ, ಒಣ ಚಪ್ಪಲಿ ಹಾಕಿ, ಮರದ ಅಥವಾ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಲ್ಲಿ. ಜಳಕ ಮುಗಿದು ಗೋಡೆ ಹಸಿ ಇರುವಾಗ ಈ ಕೆಲಸ ಬೇಡವೇ ಬೇಡ.

ಮೊದಲ ಪರೀಕ್ಷೆ: ಅದಲು ಬದಲು

ತಕರಾರಿನ ಬಲ್ಬನ್ನು ನಡುಮನೆಯ ಹೋಲ್ಡರಿಗೆ ಹಾಕಿ, ಅಲ್ಲಿಯ ಬಲ್ಬನ್ನು ಬಚ್ಚಲಿಗೆ ತನ್ನಿ. ತೊಂದರೆ ಬಲ್ಬಿನ ಜೊತೆ ನಡುಮನೆಗೆ ಹೋದರೆ ಬಲ್ಬೇ ಕೆಟ್ಟಿದೆ, ವಾರಂಟಿಯಲ್ಲಿ ಬದಲಿಸಿ. ತೊಂದರೆ ಬಚ್ಚಲಲ್ಲೇ ಉಳಿದರೆ ವೈರಿಂಗ್, ಹೋಲ್ಡರ್ ಅಥವಾ ಸ್ವಿಚ್. ಎರಡೂ ಕಡೆ ಮಿಣುಕಿದರೆ ಇಡೀ ಮನೆಯ ಸರಬರಾಜು ನೋಡಬೇಕು. ಎರಡು ನಿಮಿಷದ ಈ ಕೆಲಸ ಮಾಡದೆ ಬೋರ್ಡು ಬಿಚ್ಚುವುದು ವ್ಯರ್ಥ ಶ್ರಮ.

ಸ್ವಿಚ್ ಆರಿಸಿದರೂ ಮಂಕಾಗಿ ಹೊತ್ತುವುದು

ಅತಿ ಹೆಚ್ಚು ಕೇಳಿಬರುವ ದೂರು ಇದು. ಕತ್ತಲಲ್ಲಿ ಬಲ್ಬು ನಸುಬೆಳಕು ಕೊಡುತ್ತಿರುತ್ತದೆ, ಇಲ್ಲವೇ ಕೆಲವು ಸೆಕೆಂಡಿಗೊಮ್ಮೆ ಛಕ್ಕನೆ ಮಿಂಚುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣ.

ಒಂದು, ಇಂಡಿಕೇಟರ್ ಇರುವ ಸ್ವಿಚ್. ಆರಿಸಿದಾಗ ಕೆಂಪಗೆ ಹೊತ್ತುವ ಆ ಸಣ್ಣ ನಿಯಾನ್ ದೀಪ ಬಲ್ಬಿನ ಮೂಲಕವೇ ತನ್ನ ಕರೆಂಟನ್ನು ಪೂರ್ತಿ ಮಾಡಿಕೊಳ್ಳುತ್ತದೆ. ಹರಿಯುವುದು ಒಂದು ಮಿಲಿ ಆಂಪಿಯರ್‌ಗಿಂತ ಕಡಿಮೆ. ಹನಿಹನಿಯಾಗಿ ಕೊಡ ತುಂಬುವಂತೆ ಡ್ರೈವರಿನಲ್ಲಿ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಅದರಿಂದಲೇ ತುಂಬುತ್ತದೆ, ತುಂಬಿದೊಡನೆ ಬಲ್ಬು ಮಿಂಚಿ ಖಾಲಿಯಾಗುತ್ತದೆ, ಮತ್ತೆ ತುಂಬಲು ಶುರುವಾಗುತ್ತದೆ. ಮಿಂಚು ಸೆಕೆಂಡುಗಳ ಅಂತರದಲ್ಲಿ ಬರುವುದು ಇದಕ್ಕೇ. ಪರಿಹಾರ ಸುಲಭ: ಇಂಡಿಕೇಟರ್ ಇಲ್ಲದ ಸಾದಾ 6 ಆಂಪಿಯರ್ ಸ್ವಿಚ್ ಹಾಕಿ. ಕತ್ತಲಲ್ಲಿ ಸ್ವಿಚ್ ಕಾಣಲೇಬೇಕು ಎನ್ನುವವರು ಬೋರ್ಡಿನಲ್ಲಿ ಬೇರೆಯೇ ಒಂದು ಇಂಡಿಕೇಟರ್ ಹಾಕಿಸಿ, ಅದನ್ನು ನೇರವಾಗಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಕೊಡಿಸಿ. ರಿಮೋಟ್ ಸ್ವಿಚ್, ಟಚ್ ಸ್ವಿಚ್, ಆಳು ಬಂದರೆ ಹೊತ್ತುವ ಸೆನ್ಸರ್‌ಗಳದ್ದೂ ಇದೇ ಕಥೆ. ನ್ಯೂಟ್ರಲ್ ವೈರ್ ಬೇಡದ, ಎರಡೇ ವೈರಿನ ಮಾದರಿಗಳು ತಮಗೆ ಬೇಕಾದ ಕರೆಂಟನ್ನು ಬಲ್ಬಿನ ಮೂಲಕ ಎಳೆಯುತ್ತವೆ. ಎಲ್‌ಇಡಿ ಇರುವ ಕಡೆ, ಸ್ವಿಚ್ಚಿಗೇ ನ್ಯೂಟ್ರಲ್ ವೈರ್ ಜೋಡಿಸುವ ಮಾದರಿಯನ್ನೇ ಕೊಳ್ಳಿ.

ಎರಡು, ಸ್ವಿಚ್ ಫೇಸಿನಲ್ಲಿ ಇರದೆ ನ್ಯೂಟ್ರಲ್‌ನಲ್ಲಿ ಇರುವುದು. ಇದು ಬೆಳಕಿನ ತೊಂದರೆಗಿಂತ ದೊಡ್ಡದು, ಜೀವದ ಪ್ರಶ್ನೆ. ಸ್ವಿಚ್ ಆರಿದ್ದರೂ ಹೋಲ್ಡರಿನಲ್ಲಿ 230 ವೋಲ್ಟ್ ನಿಂತಿರುತ್ತದೆ, ಹಸಿ ಕೈಯಲ್ಲಿ ಬಲ್ಬು ಬಿಚ್ಚಿದರೆ ಶಾಕ್. ಹಸಿ ಗೋಡೆಯ ಮೂಲಕ ಒಂದಿಷ್ಟು ಕರೆಂಟು ಭೂಮಿಗೆ ಸೋರುತ್ತಲೇ ಇರುವುದರಿಂದ ಬಲ್ಬೂ ಪೂರ್ತಿ ಆರುವುದಿಲ್ಲ. ಪತ್ತೆಗೆ ಹೀಗೆ ಮಾಡಿ: ಮೇನ್ ಇಳಿಸಿ ಬೋರ್ಡಿನ ಮುಚ್ಚಳ ಬಿಚ್ಚಿ, ಬಲ್ಬು ಹೋಲ್ಡರಿನಲ್ಲೇ ಇರಲಿ. ಮೇನ್ ಏರಿಸಿ, ಬಚ್ಚಲಿನ ಸ್ವಿಚ್ ಹಾಕಿ, ಬಲ್ಬು ಉರಿಯುತ್ತಿರುವಾಗ ಆ ಸ್ವಿಚ್ಚಿನ ಎರಡೂ ತುದಿಗೆ ಟೆಸ್ಟರ್ ಇಡಿ. ಎರಡೂ ಕಡೆ ಟೆಸ್ಟರ್ ಹೊತ್ತಿದರೆ ಫೇಸು ಸ್ವಿಚ್ಚಿನ ಮೂಲಕ ಹೋಗುತ್ತಿದೆ, ಸರಿ ಇದೆ. ಬಲ್ಬು ಉರಿಯುತ್ತಿದ್ದರೂ ಎರಡೂ ಕಡೆ ಟೆಸ್ಟರ್ ಹೊತ್ತದಿದ್ದರೆ ಸ್ವಿಚ್ಚಿನಲ್ಲಿರುವುದು ನ್ಯೂಟ್ರಲ್. ಇದು ಕರೆಂಟು ಇರುವಾಗಲೇ ಮಾಡುವ ಪರೀಕ್ಷೆ. ಬೋರ್ಡು ಬಿಚ್ಚಿ ರೂಢಿ ಇಲ್ಲದವರು ಎಲೆಕ್ಟ್ರಿಷಿಯನ್ನನ್ನು ಕರೆಸಿ ಇದೇ ಪರೀಕ್ಷೆ ಮಾಡಿಸಲಿ.

ನ್ಯೂಟ್ರಲ್ ಸಿಕ್ಕರೆ ಆ ಒಂದು ಪಾಯಿಂಟಿನ ವೈರುಗಳನ್ನು ಅದಲು ಬದಲು ಮಾಡುವ ಮುನ್ನ ಮನೆಯ ಇನ್ನೆರಡು ಸ್ವಿಚ್ಚುಗಳನ್ನೂ ನೋಡಿ. ಅವೂ ಹಾಗೇ ಇದ್ದರೆ ಮೀಟರ್ ಅಥವಾ ಮೇನ್ ಬಳಿಯೇ ಫೇಸ್-ನ್ಯೂಟ್ರಲ್ ತಿರುಗುಮುರುಗಾಗಿದೆ. ಸರ್ವಿಸ್ ವೈರ್ ಬದಲಿಸಿದ ಮೇಲೆ, ಮನೆಗೆ ಹೊಸ ಕೋಣೆ ಕೂಡಿಸಿದ ಮೇಲೆ ಹೀಗಾಗುವುದುಂಟು. ಆಗ ಮನೆಯ ಒಂದೊಂದು ಎಂಸಿಬಿಯೂ ತಪ್ಪು ವೈರಿನ ಮೇಲೆ ಇದೆ ಎಂದರ್ಥ. ಒಂದೇ ಪಾಯಿಂಟು ತಿದ್ದಿ ಕೈ ತೊಳೆದುಕೊಳ್ಳುವಂತಿಲ್ಲ.

ಮೂರು, ಉದ್ದನೆಯ ವೈರ್. ಫೇಸ್ ವೈರ್ ಮತ್ತು ಸ್ವಿಚ್ಚಿನಿಂದ ಬಲ್ಬಿಗೆ ಹೋಗುವ ವೈರ್ ಒಂದೇ ಪೈಪಿನಲ್ಲಿ 15 ಮೀಟರ್ ಅಂಟಿಕೊಂಡು ಹೋದರೆ, ಅವೆರಡೇ ಸೇರಿ ಒಂದು ಕೆಪಾಸಿಟರ್‌ನಂತೆ ಕೆಲಸ ಮಾಡುತ್ತವೆ. ಸ್ವಿಚ್ ಆರಿದ್ದರೂ ಸ್ವಲ್ಪ ಕರೆಂಟು ಬಲ್ಬಿನ ವೈರಿಗೆ ದಾಟುತ್ತದೆ. ಹಿತ್ತಲ ಬಚ್ಚಲಿನ ಬಲ್ಬುಗಳಲ್ಲಿ ಇದು ಸಾಮಾನ್ಯ. ಬಲ್ಬು ತೆಗೆದು ಹೋಲ್ಡರಿನ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರ್ ಇಟ್ಟರೆ 40ರಿಂದ 120 ವೋಲ್ಟ್ ತೋರಿಸಿ ಗಾಬರಿ ಹುಟ್ಟಿಸುತ್ತದೆ. ಆ ವೋಲ್ಟೇಜಿಗೆ ಬಲವಿಲ್ಲ. ಹಳದಿ ಬಲ್ಬನ್ನು ಅದೇ ಪಾಯಿಂಟಿಗೆ ಜೋಡಿಸಿದೊಡನೆ ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ. ಟೆಸ್ಟರ್ ಕೂಡ ಇಂಥ ಕಡೆ ಮಂದವಾಗಿ ಹೊತ್ತಿ ದಾರಿ ತಪ್ಪಿಸುತ್ತದೆ, ಅದಕ್ಕೇ ಟೆಸ್ಟರ್ ಒಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು.

ಇದಕ್ಕೆ ಪರಿಹಾರ, ಸ್ವಿಚ್ಚಿನಿಂದ ಬಲ್ಬಿಗೆ ಹೋಗುವ ವೈರ್ ಮತ್ತು ನ್ಯೂಟ್ರಲ್ ನಡುವೆ 0.1 ಮೈಕ್ರೋಫ್ಯಾರಡ್‌ನ, 275 ವೋಲ್ಟ್ ಎಸಿಯ, ಎಕ್ಸ್2 ಎಂದು ಮೈಮೇಲೆ ಬರೆದಿರುವ ಕೆಪಾಸಿಟರ್ ಜೋಡಿಸುವುದು. ಅದರ ಜೊತೆ ಸಾಲಿನಲ್ಲಿ ಒಂದು 100 ಓಮ್‌ನ ರೆಸಿಸ್ಟರ್ ಇರಲಿ. 50 ಹರ್ಟ್ಸ್‌ನಲ್ಲಿ ಈ ಕೆಪಾಸಿಟರ್ ಸುಮಾರು 32 ಕಿಲೋ ಓಮ್‌ನ ದಾರಿ ಕೊಡುತ್ತದೆ. ಸೋರಿ ಬಂದ ಕರೆಂಟು ಬಲ್ಬಿನ ಮೂಲಕ ಹೋಗದೆ ಇದರ ಮೂಲಕ ಹೋಗುತ್ತದೆ. ಇಂಡಿಕೇಟರ್ ಸ್ವಿಚ್ ಬದಲಿಸಲು ಮನಸ್ಸಿಲ್ಲದವರಿಗೂ ಇದು ನಡೆಯುತ್ತದೆ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುವ ಯಾವುದೋ ಒಂದು ಕೆಪಾಸಿಟರ್ ಹಾಕಬೇಡಿ. ಎಕ್ಸ್2 ಜಾತಿಯದು ಕೆಟ್ಟಾಗ ಬೆಂಕಿ ಹತ್ತದಂತೆ ಮಾಡಿದ್ದು, ಸಾದಾ ಕೆಪಾಸಿಟರಿಗೆ ಆ ಭರವಸೆ ಇಲ್ಲ. ಇದನ್ನು ಬಚ್ಚಲಿನ ಹೋಲ್ಡರಿನೊಳಗೆ ತುರುಕದೆ ಹೊರಗಿನ ಸ್ವಿಚ್ ಬೋರ್ಡಿನಲ್ಲಿ, ಇನ್ಸುಲೇಷನ್ ಸ್ಲೀವ್ ಹಾಕಿ ಮುಚ್ಚಿ ಇಡಿ. ಬೋರ್ಡಿನಲ್ಲಿ ಸಾಕೆಟ್ ಇದ್ದರೆ ನ್ಯೂಟ್ರಲ್ ಅಲ್ಲೇ ಸಿಗುತ್ತದೆ.

ಈ ಮೂರೂ ಅಲ್ಲವಾದರೆ ವೈರಿನ ಹೊದಿಕೆ ಹಸಿಯಾಗಿ ಸೋರುತ್ತಿರಬಹುದು. ಮಳೆಗಾಲದಲ್ಲಿ ಮಾತ್ರ ಮಂಕುಬೆಳಕು ಕಂಡು ಬೇಸಿಗೆಯಲ್ಲಿ ಮಾಯವಾದರೆ ಅನುಮಾನವೇ ಬೇಡ. ಅದಕ್ಕೆ ಕೆಪಾಸಿಟರ್ ಹಾಕಿ ಬೆಳಕು ಮುಚ್ಚಿಹಾಕುವುದು ತಪ್ಪು, ವೈರ್ ಬದಲಿಸಬೇಕು.

ಉರಿಯುವಾಗ ಮಿಣುಕುವುದು

ಮೊದಲು ಹೋಲ್ಡರ್ ನೋಡಿ. ನಮ್ಮಲ್ಲಿ ಹೆಚ್ಚಾಗಿ ಇರುವುದು ಎರಡು ಪಿನ್ನಿನ, ಒತ್ತಿ ತಿರುಗಿಸುವ ಬಿ22 ಹೋಲ್ಡರ್. ಅದರೊಳಗಿನ ಹಿತ್ತಾಳೆ ಮೊಳೆಗಳ ಹಿಂದೆ ಸ್ಪ್ರಿಂಗ್ ಇರುತ್ತದೆ. ವರ್ಷಗಟ್ಟಲೆ ಹಳದಿ ಬಲ್ಬಿನ ಕಾವು ಮತ್ತು ಬಚ್ಚಲಿನ ಆವಿ ತಿಂದು ಸ್ಪ್ರಿಂಗ್ ಮೆತ್ತಗಾಗಿರುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ. ಹೀಗೆ ಸಡಿಲಾದ ಕಡೆ ಕಿಡಿ ಹಾರಿ ಬಲ್ಬಿನ ತಳದ ಸೀಸದ ಬೊಟ್ಟು ಕಪ್ಪಾಗುತ್ತದೆ. ಬಲ್ಬನ್ನು ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿದಾಗ ಬೆಳಕು ಅಲುಗಾಡಿದರೆ, ಇಲ್ಲವೇ ಹೋಲ್ಡರಿನಿಂದ ಚರಚರ ಸದ್ದು ಬಂದರೆ ಹೋಲ್ಡರ್ ಬದಲಿಸಿ. ಉಪ್ಪುಕಾಗದ ಹಾಕಿ ತಿಕ್ಕಿದರೆ ಕೆಲವು ವಾರ ನಡೆಯುತ್ತದೆ, ಅಷ್ಟೇ. ಹೊಸ ಹೋಲ್ಡರಿನ ಬೆಲೆ ಒಂದು ಬಲ್ಬಿನ ಬೆಲೆಗಿಂತ ಕಡಿಮೆ.

ಬದಲಿಸುವಾಗ ವೈರಿನ ಕಪ್ಪಾದ ತುದಿಯನ್ನು ಒಂದು ಇಂಚಿನಷ್ಟು ಕತ್ತರಿಸಿ ಎಸೆಯಿರಿ. 8ರಿಂದ 10 ಮಿಲಿಮೀಟರ್ ಸಿಪ್ಪೆ ಬಿಡಿಸಿ, ಎಳೆಗಳನ್ನು ಹೊಸೆದು ಮಡಚಿ, ಸ್ಕ್ರೂ ಬಿಗಿ ಮಾಡಿ, ಎಳೆದು ನೋಡಿ. ಒಂದು ಎಳೆಯೂ ಹೊರಗೆ ಚಾಚಿರಬಾರದು. ಮೇಲಿನಿಂದ ಇಳಿದು ಬರುವ ವೈರನ್ನು ಹೋಲ್ಡರಿಗೆ ಮುಟ್ಟುವ ಮುಂಚೆ ಒಂದು ಸಣ್ಣ ಜೋಲು ಬಿಟ್ಟು ಮೇಲಕ್ಕೆ ತಿರುಗಿಸಿ. ವೈರಿನ ಗುಂಟ ಹರಿದು ಬರುವ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಹೋಲ್ಡರಿನೊಳಗೆ ಹೋಗುವುದಿಲ್ಲ. ಗೋಡೆಯ ತೂತನ್ನು ಸಿಲಿಕಾನ್‌ನಿಂದ ಮುಚ್ಚಿ.

ಗೀಸರ್ ಹಾಕಿದ ಕೂಡಲೇ ಮಿಣುಕಿದರೆ ಬಲ್ಬನ್ನು ಬಿಟ್ಟು ವೈರಿನ ಕಡೆ ನೋಡಿ. 2 ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್, 3 ಕಿಲೋವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಬೋರ್ಡಿನಿಂದ ಬೇರೆಯೇ ಎಂಸಿಬಿ, ಬೇರೆಯೇ 4 ಚದರ ಮಿಲಿಮೀಟರ್ ತಾಮ್ರದ ವೈರ್ ಬರಬೇಕು. ಬಹಳ ಮನೆಗಳಲ್ಲಿ ಬಲ್ಬಿನ 1 ಚದರ ಮಿಲಿಮೀಟರ್ ವೈರಿಗೇ ಗೀಸರಿನ ಸಾಕೆಟ್ ಅಂಟಿಸಿರುತ್ತಾರೆ. ವೈರ್ ಕಾದು, ಜಾಯಿಂಟ್ ಸಡಿಲಾಗಿ, ವೋಲ್ಟೇಜ್ ಬೀಳುತ್ತದೆ. ಸ್ವಿಚ್ ಪ್ಲೇಟು ಮುಟ್ಟಿದರೆ ಬೆಚ್ಚಗಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಇದ್ದರೆ ಆ ಗೀಸರನ್ನು ಆವತ್ತೇ ನಿಲ್ಲಿಸಿ. ಇಲ್ಲಿ ಎಲ್‌ಇಡಿಯ ಮಿಣುಕು ಬೆಂಕಿ ಹತ್ತುವ ಮುಂಚಿನ ಎಚ್ಚರಿಕೆ.

ಎಕ್ಸಾಸ್ಟ್ ಫ್ಯಾನ್ ಮತ್ತು ಬಲ್ಬು ಒಂದೇ ಸ್ವಿಚ್ಚಿನಲ್ಲಿದ್ದರೆ ಬೇರೆ ಮಾಡಿಸಿ. ಫ್ಯಾನ್ ಆರುವಾಗ ಅದರ ಸುರುಳಿಯಿಂದ ಏಳುವ ವೋಲ್ಟೇಜ್ ಜಿಗಿತ ಬಲ್ಬಿನ ಡ್ರೈವರಿಗೆ ಬಡಿಯುತ್ತದೆ. ಅದಲ್ಲದೆ ಜಳಕ ಮುಗಿದ ಮೇಲೂ ಫ್ಯಾನ್ 10-15 ನಿಮಿಷ ಓಡಬೇಕು, ಒಂದೇ ಸ್ವಿಚ್ ಇದ್ದರೆ ಯಾರೂ ಓಡಿಸುವುದಿಲ್ಲ.

ಬೆಳಕಿನ ಮಟ್ಟ ಕಡಿಮೆ ಮಾಡುವ ಡಿಮ್ಮರ್, ಅಥವಾ ಫ್ಯಾನಿನ ರೆಗ್ಯುಲೇಟರನ್ನೇ ಬಲ್ಬಿಗೆ ಹಾಕಿಸಿಕೊಂಡ ಮನೆಗಳಲ್ಲಿ ಸಾದಾ ಎಲ್‌ಇಡಿ ನಡೆಯುವುದಿಲ್ಲ. ಪೆಟ್ಟಿಗೆಯ ಮೇಲೆ ಡಿಮ್ಮಬಲ್ ಎಂದು ಬರೆದಿಲ್ಲದಿದ್ದರೆ ಡಿಮ್ಮರ್ ತೆಗೆದು ಸಾದಾ ಸ್ವಿಚ್ ಹಾಕಿ.

ಕಣ್ಣಿಗೆ ಕಾಣದಿದ್ದರೂ ತಲೆನೋವು ತರುವ ಮಿಣುಕು ಒಂದಿದೆ. ಮೊಬೈಲ್ ಕ್ಯಾಮೆರಾವನ್ನು ಬಲ್ಬಿಗೆ ಹಿಡಿದಾಗ ಪರದೆಯ ಮೇಲೆ ದಪ್ಪ ಕಪ್ಪು ಪಟ್ಟೆಗಳು ಸರಿದರೆ, ಬಲ್ಬು ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತಿದೆ. ಖರ್ಚು ಉಳಿಸಲು ಡ್ರೈವರಿನಲ್ಲಿ ಕೆಪಾಸಿಟರ್ ಹಾಕದೆ ಬಿಟ್ಟ ಅಗ್ಗದ ಬಲ್ಬುಗಳ ಗುಣ ಇದು, ರಿಪೇರಿ ಇಲ್ಲ. ಬ್ಲೇಡು ಹಿಡಿದು ಗಡ್ಡ ಮಾಡಿಕೊಳ್ಳುವ ಜಾಗದಲ್ಲಿ ಇಂಥದ್ದು ಬೇಡ.

ಬೇಗ ಸುಡುವುದು

ಹಳದಿ ಬಲ್ಬು ತನ್ನ ಕಾವನ್ನು ಗಾಜಿನ ಮೂಲಕ ಸುತ್ತಲೂ ಹರಡುತ್ತಿತ್ತು. ಎಲ್‌ಇಡಿಯ ಕಾವು ಬುಡದಲ್ಲಿ, ಅಂದರೆ ಡ್ರೈವರ್ ಇರುವ ಕಡೆಯೇ ಸೇರುತ್ತದೆ. ಮೇಲಿನಿಂದ ಕೆಳಕ್ಕೆ ನೇತಾಡುವ ಬಲ್ಬಿನಲ್ಲಿ ಬಿಸಿಗಾಳಿಯೂ ಬುಡದತ್ತಲೇ ಏರುತ್ತದೆ. ಅದರ ಮೇಲೆ ಗಾಜಿನ ಗುಮ್ಮಟ ಮುಚ್ಚಿದರೆ ಗಾಳಿ ಆಡಲು ದಾರಿಯೇ ಇಲ್ಲ. ಡ್ರೈವರಿನಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಸುಮಾರಾಗಿ ಪ್ರತಿ 10 ಡಿಗ್ರಿ ಕಾವು ಏರಿದಂತೆ ಅರ್ಧಕ್ಕೆ ಇಳಿಯುತ್ತದೆ. ರಾಯಚೂರಿನ ಮೇ ತಿಂಗಳಿನಲ್ಲಿ ಮಾಳಿಗೆಗೆ ತಾಗಿದ, ಮುಚ್ಚಿದ ಫಿಟ್ಟಿಂಗಿನೊಳಗೆ ಬಲ್ಬು ಎಷ್ಟು ದಿನ ಬಾಳೀತು ಎಂದು ಇದರಿಂದಲೇ ಊಹಿಸಬಹುದು.

ಮುಚ್ಚಿದ ಗುಮ್ಮಟಕ್ಕೆ 12-15 ವ್ಯಾಟಿನದು ಹಾಕಬೇಡಿ, 5ರಿಂದ 7 ವ್ಯಾಟ್ ಸಾಕು. ಅದಕ್ಕಿಂತ ಒಳ್ಳೆಯದು, ಗುಮ್ಮಟ ತೆಗೆದುಹಾಕಿ ಎಲ್‌ಇಡಿ ಒಳಗೇ ಕೂಡಿಸಿರುವ ಬಿಗಿಮುಚ್ಚಳದ ಫಿಟ್ಟಿಂಗ್ ಹಾಕಿಸುವುದು. ಅದರ ಹಿಂಬದಿಯ ಲೋಹದ ತಗಡು ಕಾವನ್ನು ಗೋಡೆಗೆ ಬಿಡುತ್ತದೆ. ಕೊಳ್ಳುವಾಗ ದೂಳು, ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಸಂಖ್ಯೆ ನೋಡಿ. ಐಪಿ20 ಒಣ ಕೋಣೆಗೆ ಮಾತ್ರ. ಐಪಿ44 ಆದರೆ ಎರಚಿದ ನೀರು ತಡೆಯುತ್ತದೆ. ಶವರಿನ ಹತ್ತಿರ, ಅಥವಾ ಹಂಡೆಯ ಆವಿ ನೇರವಾಗಿ ತಾಗುವ ಕಡೆ ಐಪಿ65 ಬೇಕು. ಶವರಿನ ನೆತ್ತಿಯ ಮೇಲೆ ನೆಲದಿಂದ 2.25 ಮೀಟರ್, ಅಂದರೆ ಸುಮಾರು ಏಳೂವರೆ ಅಡಿಗಿಂತ ಕೆಳಗೆ ಬರಿ ಹೋಲ್ಡರಿನ ಬಲ್ಬು ಇರಲೇಬಾರದು.

ಆವಿ ಹೊಕ್ಕ ಬಲ್ಬನ್ನು ಗುರುತಿಸುವುದು ಸುಲಭ. ಬಿಳಿ ಮುಚ್ಚಳದೊಳಗೆ ಮಂಜಿನ ಹನಿ, ಪಿನ್ನಿನ ಸುತ್ತ ಹಸಿರು ಅಥವಾ ಬಿಳಿ ಪುಡಿ, ಮುಚ್ಚಳ ತೆಗೆದರೆ ಹಲಗೆಯ ಮೇಲೆ ಒಂದೆರಡು ಎಲ್‌ಇಡಿ ಕಾಳುಗಳ ನಡುವೆ ಕಪ್ಪು ಚುಕ್ಕೆ. ಕಾಳುಗಳು ಸಾಲಿನಲ್ಲಿ ಜೋಡಣೆಯಾಗಿರುವುದರಿಂದ ಒಂದು ಸುಟ್ಟರೂ ಇಡೀ ಬಲ್ಬು ಆರುತ್ತದೆ. ಸುಟ್ಟ ಕಾಳಿಗೆ ಬೆಸುಗೆ ಹಾಕಿ ನಡೆಸುವ ಕೈಚಳಕ ಕೆಲವರಿಗಿದೆ. ಬಚ್ಚಲಿನಲ್ಲಿ ಅದು ಬೇಡ: ಉಳಿದ ಕಾಳುಗಳ ಮೇಲೆ ಹೊರೆ ಏರುತ್ತದೆ, ಒಮ್ಮೆ ತೆಗೆದ ಮುಚ್ಚಳ ಮತ್ತೆ ಮೊದಲಿನಂತೆ ಕೂರುವುದಿಲ್ಲ, ಒಳಗಿನ ಹಲಗೆ ಮುಟ್ಟಿದರೆ ಶಾಕ್ ಹೊಡೆಯುವಂಥದು.

ಹಂಡೆ ಒಲೆ ಇರುವ ಬಚ್ಚಲಿನಲ್ಲಿ ಮಸಿ ಕೂತು ಬೆಳಕು ಸಾಕಷ್ಟು ಕುಗ್ಗುತ್ತದೆ, ಕಾವೂ ಹೊರಹೋಗುವುದಿಲ್ಲ. ಅದಿರಿನ ದೂಳಿನ ಊರುಗಳಲ್ಲಿಯೂ ಅಷ್ಟೇ. ಎಂಸಿಬಿ ಇಳಿಸಿ, ಬಲ್ಬು ಬಿಚ್ಚಿ, ಹಿಂಡಿದ ಬಟ್ಟೆಯಿಂದ ತಿಂಗಳಿಗೊಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಹುಳುಗಳು ಗುಮ್ಮಟದೊಳಗೆ ತುಂಬಿಕೊಳ್ಳುತ್ತವೆ. ಅಲ್ಲಿ ನೀಲಿ ಛಾಯೆಯ ಬಿಳಿ ಬಲ್ಬಿಗಿಂತ ಹಳದಿ ಛಾಯೆಯದಕ್ಕೆ ಹುಳು ಕಡಿಮೆ ಬರುತ್ತವೆ.

ಒಂದೇ ರಾತ್ರಿ ಮನೆಯ ನಾಲ್ಕಾರು ಬಲ್ಬು, ಅಕ್ಕಪಕ್ಕದ ಮನೆಗಳಲ್ಲೂ ಇನ್ನಷ್ಟು ಸುಟ್ಟರೆ ಕಾರಣ ಬಚ್ಚಲಲ್ಲಿಲ್ಲ, ಕಂಬದಲ್ಲಿದೆ. ಟ್ರಾನ್ಸ್‌ಫಾರ್ಮರಿನ ಅಥವಾ ಕಂಬದ ನ್ಯೂಟ್ರಲ್ ಕಡಿದರೆ ಒಂದು ಫೇಸಿನ ಮನೆಗಳಿಗೆ 300 ವೋಲ್ಟ್ ದಾಟಿ ನುಗ್ಗಬಹುದು, ಇನ್ನೊಂದು ಫೇಸಿನ ಮನೆಗಳಲ್ಲಿ ಬಲ್ಬು ಮಂಕಾಗುತ್ತದೆ. ಬಲ್ಬುಗಳು ಇದ್ದಕ್ಕಿದ್ದಂತೆ ವಿಪರೀತ ಪ್ರಕಾಶಿಸಿದರೆ, ಫ್ಯಾನುಗಳು ಜೋರಾದರೆ ಮೊದಲು ಮೇನ್ ಇಳಿಸಿ, ಫ್ರಿಜ್, ಟಿವಿ ಪ್ಲಗ್ ಕೀಳಿ, ಈ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ 1912ಕ್ಕೆ ದೂರು ಕೊಡಿ. ಕಂಬಕ್ಕೆ ಕೈ ಹಾಕುವುದು ಲೈನ್‌ಮನ್ ಕೆಲಸ.

ಇನ್ವರ್ಟರ್ ಇರುವ ಮನೆ

ಕರೆಂಟು ಇದ್ದಾಗ ಸುಮ್ಮನಿದ್ದ ಬಲ್ಬು ಇನ್ವರ್ಟರಿಗೆ ತಿರುಗಿದಾಗ ಗುಂಯ್ ಎಂದರೆ, ಮಿಣುಕಿದರೆ ಆ ಇನ್ವರ್ಟರ್ ಸ್ಕ್ವೇರ್ ವೇವ್ (ವೋಲ್ಟೇಜನ್ನು ನುಣುಪಾಗಿ ಏರಿಳಿಸದೆ ಚೌಕಾಕಾರವಾಗಿ ಥಟ್ಟನೆ ಏರಿಳಿಸುವ ಜಾತಿ) ಇರಬಹುದು. ಕೆಪಾಸಿಟರಿನಿಂದಲೇ ವೋಲ್ಟೇಜ್ ಇಳಿಸುವ ಅಗ್ಗದ ಬಲ್ಬುಗಳಿಗೆ ಸ್ಕ್ವೇರ್ ವೇವ್‌ನಲ್ಲಿ ಹೆಚ್ಚು ಕರೆಂಟು ನುಗ್ಗುತ್ತದೆ, ಅವು ಬೇಗ ಸಾಯುತ್ತವೆ. ಇನ್ವರ್ಟರ್ ಬದಲಿಸುವುದು ದುಬಾರಿ, ಆದ್ದರಿಂದ ಆ ಪಾಯಿಂಟಿಗೆ 100-300 ವೋಲ್ಟ್ ಎಂದು ಬರೆದಿರುವ ಒಳ್ಳೆಯ ಡ್ರೈವರಿನ ಬಲ್ಬು ಹಾಕಿ.

ಇನ್ವರ್ಟರ್ ಕೂರಿಸುವಾಗ ಬಚ್ಚಲಿನ ಬಲ್ಬಿಗೆ ಫೇಸನ್ನು ಒಂದು ಕಡೆಯಿಂದ, ನ್ಯೂಟ್ರಲ್ಲನ್ನು ಇನ್ನೊಂದು ಸರ್ಕ್ಯೂಟಿನಿಂದ ಎಳೆದಿದ್ದರೆ, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ಹೋದ ಕರೆಂಟು ಅದರ ಮೂಲಕ ಮರಳಿ ಬರದೇ ಇರುವುದು ಅದಕ್ಕೆ ಸೋರಿಕೆಯಂತೆ ಕಾಣುತ್ತದೆ. ಬೇಸತ್ತು ಆರ್‌ಸಿಸಿಬಿಯನ್ನೇ ಕಿತ್ತುಹಾಕಿಸುವವರಿದ್ದಾರೆ. ಹಾಗೆ ಮಾಡಬೇಡಿ. ಬಚ್ಚಲಿನಲ್ಲಿ ಗೀಸರ್ ಇರುವ ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ನ್ಯೂಟ್ರಲ್ಲನ್ನು ಸರಿಯಾದ ಸರ್ಕ್ಯೂಟಿಗೆ ಸೇರಿಸಿದರೆ ಅದು ಬೀಳುವುದು ನಿಲ್ಲುತ್ತದೆ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಒಳಗೇ ಬ್ಯಾಟರಿ ಇರುವ ಎಮರ್ಜೆನ್ಸಿ ಬಲ್ಬುಗಳನ್ನು ಬಚ್ಚಲಿಗೆ ಹಾಕುವ ರೂಢಿ ಬೆಳೆದಿದೆ. ಕರೆಂಟು ಹೋಗಿದೆಯೋ ಸ್ವಿಚ್ ಆರಿಸಿದ್ದೋ ಎಂಬುದನ್ನು ಅವು ಪಿನ್ನುಗಳ ನಡುವೆ ಮನೆಯ ಬೇರೆ ಉಪಕರಣಗಳ ಮೂಲಕ ದಾರಿ ಸಿಗುತ್ತದೆಯೇ ಎಂದು ನೋಡಿ ತಿಳಿಯುತ್ತವೆ. ಹೀಗಾಗಿ ಮೇನ್ ಇಳಿಸಿದಾಗ, ಇಲ್ಲವೇ ಆ ಸಾಲಿನಲ್ಲಿ ಬೇರೇನೂ ಜೋಡಿಸಿಲ್ಲದಾಗ ಹೊತ್ತದಿರಬಹುದು. ಇಂಡಿಕೇಟರ್ ಸ್ವಿಚ್ ಇದ್ದರೆ ಗೊಂದಲಗೊಂಡು ಆರಿಸಿದಾಗಲೂ ಹೊತ್ತಬಹುದು. ಹಸಿ ಕೈಯಲ್ಲಿ ಎರಡು ಪಿನ್ ಹಿಡಿದರೂ ಹೊತ್ತುವುದು ಇದೇ ಕಾರಣಕ್ಕೆ. ಬ್ಯಾಟರಿಗೆ ಕಾವು ಆಗದು, ಮುಚ್ಚಿದ ಗುಮ್ಮಟದಲ್ಲಿ ಇವನ್ನು ಇಡಬೇಡಿ.

ಪಿವಿಸಿ ಸೀಲಿಂಗ್ ಮತ್ತು ಕನ್ನಡಿ ದೀಪ

ಹೊಸ ಮನೆಗಳ ಬಚ್ಚಲಿಗೆ ಪಿವಿಸಿ ಸೀಲಿಂಗ್ ಹಾಕಿಸಿ ಅದರಲ್ಲಿ ಗುಂಡನೆಯ ಪ್ಯಾನಲ್ ಕೂರಿಸುತ್ತಾರೆ. ಇಲ್ಲಿ ಕೆಡುವುದು ಬಹುತೇಕ ಮೇಲೆ ಬಚ್ಚಿಟ್ಟ ಡ್ರೈವರ್ ಡಬ್ಬಿ. ಬದಲಿಸುವಾಗ ವ್ಯಾಟ್ ಒಂದನ್ನೇ ನೋಡಬೇಡಿ: ಹಳೆಯದರ ಮೈಮೇಲಿನ ಔಟ್‌ಪುಟ್ ಮಿಲಿ ಆಂಪಿಯರ್ ಹೊಸದರಲ್ಲೂ ಅಷ್ಟೇ ಇರಬೇಕು, ವೋಲ್ಟ್ ವ್ಯಾಪ್ತಿಯೂ ಹೊಂದಬೇಕು. ಪ್ಯಾನಲಿನ ಪಿನ್ನನ್ನು ಮೊದಲು ಜೋಡಿಸಿ, ಕೊನೆಗೆ ಕರೆಂಟು ಹಾಕಿ. ಕರೆಂಟು ಇರುವಾಗ ಪಿನ್ ಚುಚ್ಚಿದರೆ ಡ್ರೈವರಿನಲ್ಲಿ ಏರಿ ನಿಂತ ವೋಲ್ಟೇಜ್ ಒಮ್ಮೆಗೇ ನುಗ್ಗಿ ಕಾಳುಗಳು ಸುಡುತ್ತವೆ. ಹಳೆಯ 12 ವೋಲ್ಟ್ ಹ್ಯಾಲೋಜನ್ ದೀಪದ ಜಾಗಕ್ಕೆ ಎಲ್‌ಇಡಿ ಹಾಕಿ ಅದು ಮಿಣುಕಿದರೆ, ಹಳೆಯ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿಗೆ 5 ವ್ಯಾಟ್ ಸಾಲದು. ಅದಕ್ಕೆ 20 ವ್ಯಾಟಿನಷ್ಟಾದರೂ ಹೊರೆ ಬೇಕು. ಎಲ್‌ಇಡಿಯದೇ ಡ್ರೈವರ್ ಹಾಕಿಸಿ. ಕನ್ನಡಿಯ ಸುತ್ತಲಿನ 12 ವೋಲ್ಟ್ ಪಟ್ಟಿ ದೀಪದ ಅಡಾಪ್ಟರ್ ಬಚ್ಚಲಿನ ಹೊರಗೇ ಇರಲಿ.

ಬಣ್ಣ, ಬೆಳಕು, ಖರೀದಿ

60 ವ್ಯಾಟಿನ ಹಳದಿ ಬಲ್ಬು ಕೊಡುತ್ತಿದ್ದದ್ದು 700 ಲ್ಯೂಮೆನ್ ಆಸುಪಾಸು. 9 ವ್ಯಾಟಿನ ಎಲ್‌ಇಡಿ 800-900 ಕೊಡುತ್ತದೆ. ಐದಡಿ-ಆರಡಿಯ ಬಚ್ಚಲಿಗೆ ಇದು ಧಾರಾಳ. ಆದರೂ ಕತ್ತಲೆ ಎನಿಸಿದರೆ ಬಲ್ಬು ತಲೆಯ ಹಿಂದೆ ಇದ್ದು ತಲೆಯ ನೆರಳಿನಲ್ಲೇ ಮುಖ ಉಳಿಯುತ್ತಿರಬೇಕು. ವ್ಯಾಟ್ ಏರಿಸದೆ ಕನ್ನಡಿಯ ಮೇಲೊಂದು ದೀಪ ಹಾಕಿ. ಮುಖ ಬಿಳಚಿಕೊಂಡಂತೆ ಕಂಡರೆ ಅದು 6500 ಕೆಲ್ವಿನ್‌ನ ನೀಲಿ ಛಾಯೆಯ ಬಲ್ಬು, 4000ದ್ದು ತನ್ನಿ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಳತೆಯಾದ ಸಿಆರ್‌ಐ 90 ಸಿಕ್ಕರೆ ಇನ್ನೂ ಒಳ್ಳೆಯದು.

ಬಲ್ಬಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು, ಐಎಸ್ 16102 ಎಂಬ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಸಂತೆಯಲ್ಲಿ ರಾಶಿ ಹಾಕಿ ಮಾರುವ, ಏನೂ ಬರೆದಿರದ ಬಲ್ಬುಗಳನ್ನು ಬಚ್ಚಲಿಗಂತೂ ತರಬೇಡಿ. ಹಾಕಿದ ತಾರೀಖನ್ನು ಬುಡದ ಮೇಲೆ ಅಳಿಸದ ಪೆನ್ನಿನಿಂದ ಬರೆದು ಬಿಲ್ಲು ಎತ್ತಿಡಿ. ಅದೇ ಪಾಯಿಂಟಿನಲ್ಲಿ ಎರಡನೇ ಬಲ್ಬೂ ವರ್ಷದೊಳಗೆ ಸುಟ್ಟರೆ ಮೂರನೆಯದನ್ನು ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಬಲ್ಬು, ಇಂಡಿಕೇಟರ್, ಕೆಪಾಸಿಟರ್ ಎಲ್ಲ ಬಿಡಿಸಿ 500 ವೋಲ್ಟಿನ ಮೆಗ್ಗರ್‌ನಿಂದ ಆ ಸಾಲಿನ ಇನ್ಸುಲೇಷನ್ ಅಳೆಯಲು ಹೇಳಿ: ಫೇಸ್-ನ್ಯೂಟ್ರಲ್ ನಡುವೆ, ಫೇಸ್-ಅರ್ಥ್ ನಡುವೆ, ನ್ಯೂಟ್ರಲ್-ಅರ್ಥ್ ನಡುವೆ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಬೋರ್ಡಿನಿಂದ ಹೋಲ್ಡರಿನವರೆಗಿನ ವೈರನ್ನು ಹೊಸದಾಗಿ ಎಳೆಸಬೇಕು, ನಡುವೆ ಜಾಯಿಂಟು ಇಲ್ಲದಂತೆ, 1.5 ಚದರ ಮಿಲಿಮೀಟರಿನ ತಾಮ್ರದ್ದು, ಅರ್ಥ್ ವೈರ್ ಸಮೇತ.